ಬೆಟ್ಟದ ಹೊಳೆಯ ಬಿಳಿ ಕೊಂಡಿ ಕ್ರೇಫಿಶ್: ನೀರಿಗಿಳಿಯುವ ಮೊದಲು ಬೂಟು ಒಣಗಿಸಿ

ಕ್ರೇಫಿಶ್ ಅಂದರೆ ಏಡಿಯಂಥ ಕೊಂಡಿಯಿರುವ, ಸೀಗಡಿಯಂಥ ಸಿಹಿನೀರಿನ ಪ್ರಾಣಿ. ಬ್ರಿಟನ್ನಿನ ಹೊಳೆಗಳಿಗೆ ಸ್ವಂತದ್ದು ಅಂತ ಇರುವ ಕ್ರೇಫಿಶ್ ಒಂದೇ ಜಾತಿ. ಅದೇ ಬಿಳಿ ಕೊಂಡಿ ಕ್ರೇಫಿಶ್. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಜೀವಿ. ದಕ್ಷಿಣ ಇಂಗ್ಲೆಂಡಿನ ಹೆಚ್ಚಿನ ನದಿಗಳಲ್ಲಿ ಈಗ ಇದು ಕಾಣುವುದೇ ಇಲ್ಲ. ಉಳಿದಿರುವ ಒಳ್ಳೆಯ ನೆಲೆಗಳು ಜಾಸ್ತಿ ಇರುವುದು ಉತ್ತರದ ಗುಡ್ಡಗಾಡಿನಲ್ಲಿ. ಲೇಕ್ ಡಿಸ್ಟ್ರಿಕ್ಟ್‌ನಿಂದ ಇಳಿದು ಬರುವ ಕೆಂಟ್ ನದಿ, ಕಂಬ್ರಿಯಾದ ಈಡನ್ ನದಿ ಮತ್ತು ಅದರ ಉಪನದಿಗಳು, ಯಾರ್ಕ್‌ಶೈರ್ ಡೇಲ್ಸ್‌ನ ಕೆಲವು ಹಳ್ಳಗಳು. ವೇಲ್ಸ್‌ನಲ್ಲಿ ವೈ ನದಿಯ ಕೆಲವು ಉಪನದಿಗಳಲ್ಲೂ ಇದೆ.

ಈ ಜಾಗಗಳ ಹೆಸರು ಅಲ್ಲಿರುವ ಕನ್ನಡಿಗರಿಗೆ ಹೊಸದಲ್ಲ. ಬೇಸಿಗೆಯ ವಾರಾಂತ್ಯ ಬಂದರೆ ಮ್ಯಾಂಚೆಸ್ಟರ್, ಲೀಡ್ಸ್ ಕಡೆಯಿಂದ ಕಾರು ತುಂಬಿಕೊಂಡು ಹೊರಡುವುದು ಇದೇ ಬೆಟ್ಟಗಳಿಗೆ. ಮಕ್ಕಳು ನೀರಿಗಿಳಿಯುತ್ತಾರೆ, ನಾವು ಬೂಟು ನೆನೆಸಿಕೊಂಡು ಹಳ್ಳ ದಾಟುತ್ತೇವೆ. ಕ್ರೇಫಿಶ್‌ಗೆ ಅಪಾಯ ಶುರುವಾಗುವುದೂ ಅಲ್ಲೇ. ಒಂದು ನದಿಯಲ್ಲಿ ನೆಂದ ಬೂಟು ಒಣಗದೆ ಇನ್ನೊಂದು ನದಿಗೆ ಇಳಿದರೆ, ಆ ತೇವದ ಜೊತೆ ಬಂದ ರೋಗಕ್ಕೆ ಅಲ್ಲಿನ ಕ್ರೇಫಿಶ್ ಪೂರ್ತಿಯಾಗಿ ಸಾಯಬಹುದು. ಪರಿಸರ ಉಳಿಸಲು ದುಡ್ಡು, ಜಮೀನು, ಅಧಿಕಾರ ಎಲ್ಲ ಬೇಕು ಅನ್ನುತ್ತೇವೆ. ಇಲ್ಲಿ ಬೇಕಾಗಿರುವುದರಲ್ಲಿ ದೊಡ್ಡ ಪಾಲು ನಮ್ಮ ಕೈಯಲ್ಲೇ ಇದೆ. ಅದಕ್ಕೇ ಈ ಮಾರ್ಗದರ್ಶಿ.

1. ಮೊದಲು ಪ್ರಾಣಿಯ ಗುರುತು ಹಿಡಿಯಿರಿ

ಕ್ರೇಫಿಶ್ ನೋಡಿರದವರಿಗೆ ಹೇಳುವುದಾದರೆ, ಮೈ ಸೀಗಡಿಯದು, ಮುಂದಿನ ಎರಡು ದಪ್ಪ ಕೊಂಡಿ ಏಡಿಯದು. ಬಿಳಿ ಕೊಂಡಿ ಕ್ರೇಫಿಶ್ ಸಾಮಾನ್ಯವಾಗಿ 10 ಸೆಂಟಿಮೀಟರಿಗಿಂತ ಉದ್ದ ಬೆಳೆಯುವುದಿಲ್ಲ. ಮೈ ಕಂದು ಅಥವಾ ಹಸಿರು ಮಿಶ್ರಿತ ಕಂದು. ಕೊಂಡಿಯ ಕೆಳಭಾಗ ಮಾಸಲು ಬಿಳಿ.

ಇದರ ಜಾಗಕ್ಕೆ ಬಂದು ಕೂತಿರುವುದು ಸಿಗ್ನಲ್ ಕ್ರೇಫಿಶ್. ಇದರ ಮೂಲ ಉತ್ತರ ಅಮೆರಿಕ. 1970ರ ದಶಕದಲ್ಲಿ ಸಾಕಿ ಮಾರಲೆಂದು ಬ್ರಿಟನ್ನಿಗೆ ತಂದರು. ಸಾಕಿದ್ದ ಕೊಳಗಳಿಂದ ತಪ್ಪಿಸಿಕೊಂಡು ನದಿ ಸೇರಿತು. ಇದು ದೊಡ್ಡದು, ಜಗಳಗಂಟಿ, ಮರಿಗಳೂ ಜಾಸ್ತಿ. ಕೊಂಡಿಯ ಕೆಳಭಾಗ ಕೆಂಪಗಿರುತ್ತದೆ. ಕೊಂಡಿಯ ಕೀಲಿನ ಹತ್ತಿರ ಬಿಳಿ ಅಥವಾ ನೀಲಿ ಹಸಿರು ಮಚ್ಚೆ ಎದ್ದು ಕಾಣುತ್ತದೆ.

ಈ ಎರಡು ಗುರುತು ನೆನಪಿದ್ದರೆ ಸಾಕು. ಆದರೆ ಸಣ್ಣ ಮರಿಗಳಲ್ಲಿ ಬಣ್ಣ ನಂಬಬೇಡಿ. ಪಳಗಿದವರೇ ಅಲ್ಲಿ ಎರಡು ಸಲ ನೋಡುತ್ತಾರೆ.

2. ಅದಕ್ಕೆ ಎಂಥ ಹೊಳೆ ಬೇಕು ಅಂತ ನೋಡಲು ಕಲಿಯಿರಿ

ಹೊಳೆ ಪಕ್ಕ ನಿಂತಾಗ ಮೊದಲು ಕಲ್ಲು ನೋಡಿ. ಕ್ರೇಫಿಶ್ ಹಗಲೆಲ್ಲ ಅಡಗಿರುವ ಪ್ರಾಣಿ. ರಾತ್ರಿ ಹೊರಗೆ ಬಂದು ಕೊಳೆತ ಎಲೆ, ಪಾಚಿ, ಬಸವನಹುಳು, ಹುಳುಹುಪ್ಪಟೆ, ಸತ್ತ ಮೀನು ಎಲ್ಲ ತಿನ್ನುತ್ತದೆ. ಹಗಲು ಅಡಗಲು ಅದಕ್ಕೆ ಕಲ್ಲಿನ ಕೆಳಗೆ ಸಂದು ಬೇಕು. ಅಂಗೈಗಿಂತ ದೊಡ್ಡದಾದ, ಚಪ್ಪಟೆಯಾದ, ಒಂದರ ಮೇಲೊಂದು ಸಡಿಲವಾಗಿ ಕೂತ ಕಲ್ಲುಗಳು ತುಂಬ ಒಳ್ಳೆಯವು. ಕಲ್ಲು ಎಷ್ಟಿದೆ ಅನ್ನುವುದಕ್ಕಿಂತ ಸಂದು ಖಾಲಿ ಇದೆಯಾ ಅನ್ನುವುದು ಮುಖ್ಯ. ಹೂಳು ತುಂಬಿ ಕಲ್ಲುಗಳೆಲ್ಲ ಗಾರೆ ಹಾಕಿದ ಹಾಗೆ ಅಂಟಿಕೊಂಡಿದ್ದರೆ, ಮೇಲಿನಿಂದ ಹೊಳೆ ಚೆನ್ನಾಗಿ ಕಂಡರೂ ಕ್ರೇಫಿಶ್‌ಗೆ ಅಲ್ಲಿ ಬಾಗಿಲು ಮುಚ್ಚಿದೆ. ಹೂಳು ಅದರ ಕಿವಿರಿಗೂ ತೊಂದರೆ.

ಎರಡನೆಯದು ದಡ. ನೀರು ಕೊರೆದು ಒಳಗೆ ಸರಿದ ದಡ, ನೀರಿಗೆ ಇಳಿಬಿದ್ದ ಮರದ ಬೇರು ಇದ್ದರೆ ಅದೂ ಒಳ್ಳೆಯ ಆಸರೆ. ಈ ಕಡೆ ಹೊಳೆ ದಡದಲ್ಲಿ ಬೆಳೆಯುವ ಆಲ್ಡರ್ ಮರದ ಬೇರುಗಳು ನೀರಿನೊಳಗೆ ಜಡೆಯ ಹಾಗೆ ಹರಡುತ್ತವೆ. ಮರಿಗಳು ಅದರೊಳಗೆ ಸೇರಿಕೊಳ್ಳುತ್ತವೆ. ಮರದ ನೆರಳು ನೀರನ್ನು ತಂಪಾಗಿಡುತ್ತದೆ. ತಂಪು ನೀರಿನಲ್ಲಿ ಆಮ್ಲಜನಕವೂ ಹೆಚ್ಚು ನಿಲ್ಲುತ್ತದೆ.

ಮೂರನೆಯದು ಕಣ್ಣಿಗೆ ಕಾಣದ್ದು, ನೀರಿನ ಸುಣ್ಣ. ಕ್ರೇಫಿಶ್ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಹೊಸ ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಅದಕ್ಕೇ ಸುಣ್ಣದ ಕಲ್ಲಿನ ಬೆಟ್ಟದಿಂದ ಬರುವ ಗಡಸು ನೀರು ಇದಕ್ಕೆ ಇಷ್ಟ. ಹುಳಿ ಮಣ್ಣಿನ ಗುಡ್ಡದಿಂದ ಇಳಿಯುವ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಇದಕ್ಕೆ ಆಗಿಬರುವುದಿಲ್ಲ. ಚಿಪ್ಪು ಕಳಚಿದ ಹೊಸತರಲ್ಲಿ ಮೈ ಮೆತ್ತಗಿರುತ್ತದೆ. ಆಗ ನೀರುನಾಯಿ, ಬಕ, ಟ್ರೌಟ್ ಮೀನು ಯಾವುದು ಬೇಕಾದರೂ ತಿಂದುಬಿಡುತ್ತದೆ. ಮತ್ತೆ ಸಂದಿನ ಮಾತೇ ಬಂತು, ನೋಡಿ.

ಇದರ ಬದುಕು ನಿಧಾನ. ಮರಿ ಹಾಕುವ ಹಂತಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಬದುಕಿದರೆ ಹತ್ತು ವರ್ಷವೂ ಬಾಳುತ್ತದೆ. ಶರತ್ಕಾಲದಲ್ಲಿ ನೀರು ತಣ್ಣಗಾದಾಗ ಕೂಡುತ್ತವೆ. ಹೆಣ್ಣು ಇಡೀ ಚಳಿಗಾಲ ಬಾಲದ ಕೆಳಗೆ ಮೊಟ್ಟೆ ಅಂಟಿಸಿಕೊಂಡು ಓಡಾಡುತ್ತದೆ. ಮೊಟ್ಟೆ ನೂರರ ಆಸುಪಾಸು, ಹಲವು ಸಲ ಅದಕ್ಕೂ ಕಡಿಮೆ. ಬೇಸಿಗೆಯ ಶುರುವಿಗೆ ಮರಿಗಳು ಹೊರಬರುತ್ತವೆ, ಆಮೇಲೂ ಸ್ವಲ್ಪ ದಿನ ತಾಯಿಯನ್ನು ಬಿಡುವುದಿಲ್ಲ. ಸಿಗ್ನಲ್ ಕ್ರೇಫಿಶ್ ಇದರ ಎರಡು ಮೂರು ಪಟ್ಟು ಮೊಟ್ಟೆ ಇಡುತ್ತದೆ. ಸಂಖ್ಯೆಯ ಲೆಕ್ಕದಲ್ಲೇ ನಮ್ಮ ಬಡಪಾಯಿ ಸೋಲುತ್ತದೆ.

3. ರೋಗ ಹೇಗೆ ಹರಡುತ್ತದೆ ಅಂತ ತಿಳಿದುಕೊಳ್ಳಿ

ಕ್ರೇಫಿಶ್ ಪ್ಲೇಗ್ ಅನ್ನುವ ರೋಗ ಬೂಷ್ಟಿನಂಥ ಒಂದು ಸೂಕ್ಷ್ಮಜೀವಿಯಿಂದ ಬರುತ್ತದೆ. ಮನುಷ್ಯರಿಗೆ, ನಾಯಿಗೆ, ಮೀನಿಗೆ ಇದರಿಂದ ಏನೂ ಆಗುವುದಿಲ್ಲ. ಇದರ ತವರು ಉತ್ತರ ಅಮೆರಿಕ. ಅಲ್ಲಿನ ಕ್ರೇಫಿಶ್‌ಗಳು ಇದರ ಜೊತೆಗೇ ಬೆಳೆದು ಬಂದವು, ಹಾಗಾಗಿ ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಯುರೋಪಿನ ಜಾತಿಗಳಿಗೆ ಆ ಶಕ್ತಿ ಇಲ್ಲ. 1860ರ ಸುಮಾರಿಗೆ ಇಟಲಿಯಲ್ಲಿ ಮೊದಲು ಕಂಡಿತು, ಅಲ್ಲಿಂದ ಯುರೋಪಿನ ಉದ್ದಗಲಕ್ಕೂ ಹರಡಿತು. ಬ್ರಿಟನ್ನಿನಲ್ಲಿ ಕಾಣಿಸಿದ್ದು 1980ರ ದಶಕದ ಆರಂಭದಲ್ಲಿ. ಒಂದು ಹೊಳೆಗೆ ರೋಗ ತಾಗಿದರೆ ಕೆಲವೇ ವಾರಗಳಲ್ಲಿ ಅಲ್ಲಿನ ಬಿಳಿ ಕೊಂಡಿ ಕ್ರೇಫಿಶ್ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ.

ರೋಗದ ಬೀಜಕಗಳು ನೀರಿನಲ್ಲಿ ಈಜುತ್ತವೆ. ಒದ್ದೆ ಬೂಟಿನ ಅಡಿ, ಗಾಳದ ಬಲೆ, ಕಯಾಕ್, ನಾಯಿಯ ತುಪ್ಪಳ, ಮಕ್ಕಳ ಪ್ಲಾಸ್ಟಿಕ್ ಬಕೆಟ್, ಇವುಗಳಲ್ಲಿ ಉಳಿದ ನೀರಿನ ಜೊತೆ ಇನ್ನೊಂದು ಹೊಳೆ ಸೇರುತ್ತವೆ. ಅಂದರೆ ಸಿಗ್ನಲ್ ಕ್ರೇಫಿಶ್ ಕಾಲಿಡದ ಹೊಳೆಗೂ ಅದರ ರೋಗ ಬರಬಹುದು. ತರುವವರು ನಾವು.

ಈ ಬೀಜಕಗಳಿಗೆ ಒಂದು ದೌರ್ಬಲ್ಯ ಇದೆ. ಪೂರ್ತಿ ಒಣಗಿದರೆ ಸಾಯುತ್ತವೆ.

4. ಬೂಟು, ಬಟ್ಟೆ, ನಾಯಿ: ಪ್ರತಿ ಸಲವೂ ಹೀಗೆ ಮಾಡಿ

ಬ್ರಿಟನ್ನಿನಲ್ಲಿ ಇದಕ್ಕೆ ಮೂರು ಮಾತಿನ ಸರ್ಕಾರಿ ಸಲಹೆ ಇದೆ: ನೋಡಿ, ತೊಳೆಯಿರಿ, ಒಣಗಿಸಿ. ಕೇಳಲು ಸುಲಭ. ಆದರೆ ಸಂಜೆ ಸುಸ್ತಾಗಿ ಕಾರು ಹತ್ತುವಾಗ ಬಿಟ್ಟುಹೋಗುವುದೂ ಸುಲಭ. ಅದಕ್ಕೆ ಕೊಂಚ ವಿವರವಾಗಿ ಹೇಳುತ್ತೇನೆ.

ಹೊಳೆಯಿಂದ ಹೊರಬಂದ ಜಾಗದಲ್ಲೇ ಬೂಟು ಬಿಚ್ಚಿ, ಅಡಿಯ ಗೀರುಗಳಲ್ಲಿ ಸಿಕ್ಕ ಮಣ್ಣು, ಎಲೆಯ ಚೂರು, ಪಾಚಿ ತೆಗೆಯಿರಿ. ಒಂದು ಹಳೆಯ ಬ್ರಷ್ ಕಾರಿನಲ್ಲಿಟ್ಟುಕೊಳ್ಳಿ. ಗಮ್ ಬೂಟಿನೊಳಗೆ ನಿಂತ ನೀರನ್ನು ಅದೇ ಹೊಳೆಯ ದಡದಲ್ಲಿ ಚೆಲ್ಲಿ. ಬಕೆಟ್, ಡಬ್ಬಿ, ಕಯಾಕ್‌ನ ತಳದ ನೀರೂ ಅಷ್ಟೇ. ಒಂದು ಹನಿಯೂ ಬೇರೆ ಕಣಿವೆಗೆ ಹೋಗಬಾರದು.

ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ತೊಳೆಯಿರಿ. ವಸ್ತು ಹಾಳಾಗುವುದಿಲ್ಲ ಅಂದರೆ 45 ಡಿಗ್ರಿ ಬಿಸಿಯ ನೀರಿನಲ್ಲಿ 15 ನಿಮಿಷ ನೆನೆಸಿಡಿ. ತೊಳೆದ ನೀರು ಹೊಳೆಗೆ, ಕೊಳಕ್ಕೆ ಸೇರುವ ಚರಂಡಿಗೆ ಹೋಗದಿರಲಿ.

ಆಮೇಲೆ ಒಣಗಿಸಿ. ಈ ಹಂತವನ್ನು ಎಂದೂ ಬಿಡಬೇಡಿ. ಕೈಗೆ ಪೂರ್ತಿ ಒಣಗಿದೆ ಅನ್ನಿಸಿದ ಮೇಲೆ ಮತ್ತೆ ಕನಿಷ್ಠ 48 ಗಂಟೆ ಹಾಗೇ ಬಿಡಿ. ಇಂಗ್ಲೆಂಡಿನ ತೇವದ ಹವೆಯಲ್ಲಿ ಬೂಟಿನ ಒಳಪದರ ಒಣಗಲು ತುಂಬ ಹೊತ್ತು ಬೇಕು. ಒಳಗಿನ ಸೋಲ್ ಕಿತ್ತು, ಲೇಸು ಸಡಿಲಿಸಿ, ಹಳೆಯ ಪೇಪರ್ ತುರುಕಿ, ಗಾಳಿ ಆಡುವ ಕಡೆ ಇಡಿ. ಕಾರಿನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟರೆ ಎರಡು ವಾರವಾದರೂ ತೇವ ಹೋಗುವುದಿಲ್ಲ. ಗಾಳ ಹಾಕುವವರು ಉಣ್ಣೆಯಂಥ ಅಡಿಯಿರುವ ಬೂಟು ಕೊಳ್ಳದಿದ್ದರೆ ಒಳ್ಳೆಯದು. ಅದು ನೀರು ಹೀರಿಕೊಂಡು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಶನಿವಾರ ಒಂದು ಕಣಿವೆ, ಭಾನುವಾರ ಇನ್ನೊಂದು ಅಂತ ಯೋಜನೆ ಇದ್ದರೆ? ಎರಡು ಜೊತೆ ಬೂಟು ತೆಗೆದುಕೊಂಡು ಹೋಗಿ, ಅಥವಾ ಎರಡನೇ ದಿನ ನೀರಿಗಿಳಿಯಬೇಡಿ, ಸೇತುವೆ ಇರುವ ದಾರಿ ಆರಿಸಿಕೊಳ್ಳಿ. ಒಂದೇ ನದಿಯ ಉದ್ದಕ್ಕೂ ನಡೆಯುವವರು ಮೇಲಿನಿಂದ ಕೆಳಗೆ ಬರುವುದು ಒಳ್ಳೆಯದು. ಕ್ರೇಫಿಶ್ ಉಳಿದಿರುವುದು ಹೆಚ್ಚಾಗಿ ಮೇಲ್ಭಾಗದ ತೊರೆಗಳಲ್ಲಿ. ಕೆಳಗಿನ ನೀರನ್ನು ಮೇಲಕ್ಕೆ ಹೊತ್ತು ತರಬಾರದು.

ನಾಯಿ ಇದ್ದರೆ ಟವೆಲ್‌ನಲ್ಲಿ ಚೆನ್ನಾಗಿ ಒರೆಸಿ, ತುಪ್ಪಳ ಒಣಗುವ ತನಕ ಬೇರೆ ಹೊಳೆಗೆ ಬಿಡಬೇಡಿ. ಇನ್ನೊಂದು ಮಾತು. ಉಣ್ಣಿ, ಚಿಗಟ ಬರದಿರಲೆಂದು ನಾಯಿಯ ಕತ್ತಿಗೆ ಹಾಕುವ ಹಲವು ಹನಿ ಔಷಧಿಗಳಲ್ಲಿ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕಗಳಿರುತ್ತವೆ. ಇವು ಇಂಗ್ಲೆಂಡಿನ ನದಿಗಳಲ್ಲಿ ಸಿಕ್ಕಿವೆ. ಹೊಳೆಯ ಹುಳುಗಳಿಗೆ ಇವು ಬಹಳ ಕಡಿಮೆ ಪ್ರಮಾಣದಲ್ಲೂ ವಿಷ. ಔಷಧಿ ಹಾಕಿದ ಹೊಸತರಲ್ಲಿ ನಾಯಿಯನ್ನು ಈಜಲು ಬಿಡಬೇಡಿ. ಎಷ್ಟು ದಿನ ಅಂತ ಪಶುವೈದ್ಯರನ್ನು ಕೇಳಿ.

5. ಕಲ್ಲು ಎತ್ತಬೇಡಿ

ಮಲೆನಾಡಿನ ಹಳ್ಳಗಳಲ್ಲಿ ಕಲ್ಲು ಎತ್ತಿ ಏಡಿ ಹಿಡಿದು ಬೆಳೆದವರಿಗೆ ಇದು ಕಷ್ಟದ ಮಾತು, ಗೊತ್ತು. ಮಕ್ಕಳಿಗೂ ತೋರಿಸಬೇಕು ಅನ್ನಿಸುತ್ತದೆ. ಆದರೆ ಪರವಾನಗಿ ಇಲ್ಲದೆ ಬಿಳಿ ಕೊಂಡಿ ಕ್ರೇಫಿಶ್ ಹಿಡಿಯುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅದಿರುವ ಹೊಳೆಯಲ್ಲಿ ಅದಕ್ಕಾಗಿ ಕಲ್ಲು ಮಗುಚಿ ಹುಡುಕಲೂ ಪರವಾನಗಿ ಬೇಕು. ಕಾನೂನು ಬದಿಗಿಟ್ಟು ನೋಡಿದರೂ, ಎತ್ತಿದ ಕಲ್ಲು ಮೊದಲಿನ ಹಾಗೆ ಕೂರುವುದಿಲ್ಲ. ಕೆಳಗಿನ ಸಂದು ಕುಸಿಯುತ್ತದೆ, ಒಳಗಿದ್ದದ್ದು ಹಗಲು ಹೊತ್ತಿನಲ್ಲಿ ಬಯಲಿಗೆ ಬೀಳುತ್ತದೆ.

ಕಲ್ಲು ಜೋಡಿಸಿ ಗೋಪುರ ಮಾಡುವುದು, ಮಕ್ಕಳು ಸಣ್ಣ ಅಣೆಕಟ್ಟು ಕಟ್ಟುವುದು, ಇವೂ ಬೇಡ. ಒಂದು ಗೋಪುರಕ್ಕೆ ಆರಿಸಿಕೊಳ್ಳುವ ಚಪ್ಪಟೆ ಕಲ್ಲುಗಳೇ ಕ್ರೇಫಿಶ್‌ಗೆ ಬೇಕಾದವು. ದಡದಲ್ಲಿ ಕೂತು ನೋಡಲು ಬೇರೆ ಬೇಕಾದಷ್ಟಿದೆ. ನೀರಿನ ನಡುವಿನ ಕಲ್ಲಿನ ಮೇಲೆ ನಿಂತು ಮೈ ಕುಣಿಸುವ ಡಿಪ್ಪರ್ ಹಕ್ಕಿಯನ್ನು ತೋರಿಸಿ, ಮಕ್ಕಳು ಕಲ್ಲು ಮರೆಯುತ್ತಾರೆ.

6. ಕಣ್ಣಿಗೆ ಬಿದ್ದರೆ

ಮುಟ್ಟಬೇಡಿ. ದಡದಿಂದಲೇ ಫೋಟೋ ತೆಗೆಯಿರಿ. ಜಾಗವನ್ನು ಫೋನಿನ ನಕಾಶೆಯಲ್ಲಿ ಗುರುತು ಹಾಕಿಕೊಳ್ಳಿ. ಐರೆಕಾರ್ಡ್ ಎಂಬ ಆ್ಯಪ್‌ನಲ್ಲಿ ಯಾರು ಬೇಕಾದರೂ ಮಾಹಿತಿ ಹಾಕಬಹುದು, ತಿಳಿದವರು ನೋಡಿ ಪಕ್ಕಾ ಮಾಡುತ್ತಾರೆ. ಸೋಶಿಯಲ್ ಮೀಡಿಯಾದಲ್ಲಿ ಜಾಗದ ಹೆಸರು ಹಾಕಬೇಡಿ. ನೋಡಲು ಬರುವವರ ಬೂಟೂ ಒದ್ದೆಯೇ ಇರುತ್ತದೆ.

ಒಂದೇ ಕಡೆ ಹಲವು ಸತ್ತು ಬಿದ್ದಿದ್ದರೆ, ಅಥವಾ ಹಗಲಲ್ಲೇ ಹೊರಗೆ ಬಂದು, ಕಾಲು ಎತ್ತಿ ತೂರಾಡುತ್ತ ನಡೆಯುತ್ತಿದ್ದರೆ ತಡಮಾಡಬೇಡಿ. ಅದು ಪ್ಲೇಗ್ ಇರಬಹುದು, ಇಲ್ಲವೇ ಯಾರೋ ವಿಷ ಬಿಟ್ಟಿರಬಹುದು. ಇಂಗ್ಲೆಂಡಿನಲ್ಲಿ ಎನ್ವಿರಾನ್ಮೆಂಟ್ ಏಜೆನ್ಸಿಗೆ, ವೇಲ್ಸ್‌ನಲ್ಲಿ ನ್ಯಾಚುರಲ್ ರಿಸೋರ್ಸಸ್ ವೇಲ್ಸ್‌ಗೆ ಆ ಕ್ಷಣವೇ ಫೋನ್ ಮಾಡಿ. ಆ ದಿನ ಬೇರೆ ಯಾವ ನೀರಿಗೂ ಇಳಿಯಬೇಡಿ.

7. "ಸಿಗ್ನಲ್ ಕ್ರೇಫಿಶ್ ಹಿಡಿದು ತಿಂದರೆ ಆಯ್ತಲ್ಲ?"

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಉತ್ತರ ಮಾತ್ರ ಬೇಡ ಅಂತಲೇ.

ಯಾರ್ಕ್‌ಶೈರಿನ ಬುಕಿಲ್ ಗಿಲ್ ಬೆಕ್ ಎಂಬ ಬೆಟ್ಟದ ತೊರೆಯಲ್ಲಿ ಸಂಶೋಧಕರು ಒಂದು ಕೆಲಸ ಮಾಡಿದರು. ತೊರೆಯ ತುಂಡುಗಳ ನೀರನ್ನು ಮತ್ತೆ ಮತ್ತೆ ಖಾಲಿ ಮಾಡಿ, ಅಲ್ಲಿದ್ದ ಸಿಗ್ನಲ್ ಕ್ರೇಫಿಶ್ ಎಲ್ಲವನ್ನೂ ಎಣಿಸಿದರು. ಕೆಲವು ಕಡೆ ಒಂದು ಚದರ ಮೀಟರಿಗೆ ನೂರಕ್ಕೂ ಹೆಚ್ಚು ಸಿಕ್ಕವು. ಅವುಗಳಲ್ಲಿ ಸಾಮಾನ್ಯ ಬೋನಿಗೆ ಬೀಳುವಷ್ಟು ದೊಡ್ಡವು ನೂರಕ್ಕೆ ಎರಡು ಮೂರು ಮಾತ್ರ. ಉಳಿದವೆಲ್ಲ ಸಣ್ಣವು. ಬೋನಿಟ್ಟವನು ದೊಡ್ಡದನ್ನು ಹಿಡಿದು ಖುಷಿಪಡುತ್ತಾನೆ. ಸಣ್ಣವನ್ನು ತಿನ್ನುತ್ತಿದ್ದ ದೊಡ್ಡವು ಹೋದ ಮೇಲೆ ಮರಿಗಳು ಇನ್ನೂ ಆರಾಮವಾಗಿ ಬೆಳೆಯುತ್ತವೆ. ಅದರ ಜೊತೆಗೆ ಒದ್ದೆ ಬೋನು ನದಿಯಿಂದ ನದಿಗೆ ಸುತ್ತುತ್ತದೆ. ಕೆಲವು ಸಲ ನೀರುನಾಯಿ ಅದರೊಳಗೆ ಸಿಕ್ಕಿ ಸಾಯುತ್ತದೆ. ಗುರುತು ತಪ್ಪಿ ಬಿಳಿ ಕೊಂಡಿಯೇ ಅಡುಗೆಮನೆ ಸೇರುವುದೂ ಉಂಟು. ಅನುಮತಿ ಇಲ್ಲದೆ ಬೋನು ಇಡುವುದು ಅಲ್ಲಿ ಕಾನೂನಿಗೆ ವಿರುದ್ಧ.

ಒಮ್ಮೆ ಸಿಗ್ನಲ್ ಸೇರಿದ ದೊಡ್ಡ ನದಿಯಿಂದ ಅದನ್ನು ಪೂರ್ತಿ ತೆಗೆಯುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ. ಆದ್ದರಿಂದ ಸೇರದ ಹೊಳೆಗಳನ್ನು ಕಾಯುವುದಕ್ಕೇ ನಮ್ಮ ಶಕ್ತಿ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

8. ದಡದಲ್ಲಿ ಜಮೀನಿದ್ದರೆ, ಅಥವಾ ಸ್ವಯಂಸೇವಕರಾದರೆ

ಮೊದಲ ಕೆಲಸ ಬೇಲಿ. ದನ, ಕುರಿ ನೇರ ಹೊಳೆಗೆ ಇಳಿದರೆ ದಡ ಕುಸಿದು ಹೂಳು ಸಂದು ತುಂಬುತ್ತದೆ. ದಡದಿಂದ ಕೆಲವು ಮೀಟರ್ ಬಿಟ್ಟು ಬೇಲಿ ಹಾಕಿ, ನೀರಿಗೆ ಬೇರೆ ತೊಟ್ಟಿ ಇಡಿ. ನಡುವಿನ ಪಟ್ಟಿಯಲ್ಲಿ ಹುಲ್ಲು, ಪೊದೆ, ಅಲ್ಲಲ್ಲಿ ಆಲ್ಡರ್ ಬೆಳೆಯಲಿ. ಇಡೀ ದಡಕ್ಕೆ ಒತ್ತಾಗಿ ಮರ ನೆಡುವುದು ಬೇಡ. ಸ್ವಲ್ಪ ಬಿಸಿಲೂ ನೀರಿಗೆ ಬೀಳಬೇಕು.

ಕುರಿ ಸಾಕುವವರು ಔಷಧಿ ಸ್ನಾನದ ನೀರಿನ ಬಗ್ಗೆ ತುಂಬ ಎಚ್ಚರ ಇರಬೇಕು. ಸೈಪರ್‌ಮೆಥ್ರಿನ್ ಎಂಬ ಕೀಟನಾಶಕದಿಂದ ಹೊಳೆಗಳಲ್ಲಿ ಆದ ಹಾನಿ ಕಂಡು, ಅದಿರುವ ಕುರಿ ಸ್ನಾನದ ಔಷಧಿಯ ಮಾರಾಟವನ್ನು ಬ್ರಿಟನ್ 2006ರಲ್ಲಿ ನಿಲ್ಲಿಸಿತು. ಈಗ ಬಳಸುವ ಔಷಧಿಗಳೂ ಹೊಳೆಗೆ ಸೇರಬಾರದು. ಸ್ನಾನ ಮಾಡಿಸಿದ ಕುರಿಗಳನ್ನು ಉಣ್ಣೆ ಒಣಗುವ ಮುನ್ನ ನೀರು ದಾಟಿಸಬೇಡಿ.

ನೀರೊಳಗಿನ ಯಾವುದೇ ಕೆಲಸ, ಸೇತುವೆ ರಿಪೇರಿಯಾಗಲಿ ದಡ ಕಟ್ಟುವುದಾಗಲಿ, ಚಳಿಗಾಲದಿಂದ ಜೂನ್ ತನಕ ಬೇಡ. ಆಗ ಹೆಣ್ಣುಗಳ ಬಾಲದಲ್ಲಿ ಮೊಟ್ಟೆ, ಮರಿ ಇರುತ್ತವೆ. ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಅದಕ್ಕೂ ಮೊದಲು ಪರವಾನಗಿ ಇರುವವರು ಬಂದು ಕ್ರೇಫಿಶ್ ಇದೆಯಾ ಅಂತ ನೋಡಬೇಕು.

ಹಳೆಯ ಒಡ್ಡುಗಳನ್ನು ಒಡೆಯುವ ವಿಷಯದಲ್ಲಿ ಅವಸರ ಬೇಡ. ಸಾಲ್ಮನ್ ಮೀನಿಗೆ ದಾರಿ ಬಿಡಲು ಒಡ್ಡು ತೆಗೆಯುವುದು ಸಾಮಾನ್ಯವಾಗಿ ಒಳ್ಳೆಯ ಕೆಲಸವೇ. ಆದರೆ ಕೆಳಗೆ ಸಿಗ್ನಲ್, ಮೇಲೆ ಬಿಳಿ ಕೊಂಡಿ ಇದ್ದರೆ ಆ ಒಡ್ಡೇ ಇಷ್ಟು ವರ್ಷ ಬಿಳಿ ಕೊಂಡಿಯನ್ನು ಕಾಪಾಡಿರಬಹುದು. ತೆಗೆಯುವ ಮುನ್ನ ಎರಡೂ ಕಡೆ ಪರೀಕ್ಷೆ ಆಗಲಿ. ಈಗ ಒಂದು ಬಾಟಲಿ ನೀರಿನಲ್ಲಿರುವ ಡಿಎನ್‌ಎ ನೋಡಿ ಯಾವ ಕ್ರೇಫಿಶ್ ಇದೆ, ಪ್ಲೇಗ್ ಇದೆಯಾ ಅಂತ ಪತ್ತೆ ಹಚ್ಚುತ್ತಾರೆ. ಯಾರೂ ನೀರಿಗೆ ಇಳಿಯಬೇಕಾಗಿಲ್ಲ.

9. ಆಸರೆ ಕೊಳಗಳು

ನದಿಯಲ್ಲಿ ಉಳಿಸಲಾಗದ ಕಡೆ, ಕ್ರೇಫಿಶ್‌ಗಳನ್ನು ನದಿಗೆ ಸೇರದ ಬೇರೆ ನೀರಿಗೆ ಸಾಗಿಸುತ್ತಾರೆ. ಕೆಲಸ ನಿಂತ ಸುಣ್ಣದ ಕಲ್ಲಿನ ಕ್ವಾರಿ, ಮರಳು ತೆಗೆದ ಹೊಂಡ, ಬೆಟ್ಟದ ಒಂಟಿ ಝರಿ ಇಂಥವು. ಬ್ರಿಸ್ಟಲ್‌ನ ಮೃಗಾಲಯ ಸಂಸ್ಥೆಯಲ್ಲಿ, ವೇಲ್ಸ್‌ನ ಬ್ರೆಕನ್ ಹತ್ತಿರದ ಕಿನ್ರಿಗ್ ಮರಿ ಕೇಂದ್ರದಲ್ಲಿ ಮರಿಗಳನ್ನು ಬೆಳೆಸಿ ಬಿಟ್ಟಿದ್ದಾರೆ.

ನಿಮಗೆ ಗೊತ್ತಿರುವ ಇಂಥ ಹೊಂಡ ಇದ್ದರೆ ಸ್ಥಳೀಯ ವೈಲ್ಡ್‌ಲೈಫ್ ಟ್ರಸ್ಟ್‌ಗೆ ತಿಳಿಸಿ. ಅವರು ನೋಡುವುದು ಇಷ್ಟು: ನೀರು ಗಡಸಾಗಿದೆಯಾ, ವರ್ಷವಿಡೀ ಇರುತ್ತದಾ, ಹತ್ತಿರದಲ್ಲಿ ಸಿಗ್ನಲ್ ಇದೆಯಾ, ಜನ ಗಾಳ ಹಾಕಲು ಬರುತ್ತಾರಾ, ಮಾಲೀಕರು ಬಹಳ ವರ್ಷ ಒಪ್ಪಿ ನಿಲ್ಲುತ್ತಾರಾ. ಸಂದು ಸಾಲದಿದ್ದರೆ ಕಲ್ಲಿನ ರಾಶಿ, ತೂತಿರುವ ಇಟ್ಟಿಗೆ, ಹಳೆಯ ಹೆಂಚು ಹಾಕಿಸುತ್ತಾರೆ. ಈ ಕಲ್ಲು ಹೊರುವ ಕೆಲಸಕ್ಕೆ ಸ್ವಯಂಸೇವಕರು ಯಾವಾಗಲೂ ಬೇಕು. ನೀವೇ ಕ್ರೇಫಿಶ್ ತಂದು ಬಿಡುವುದು ಮಾತ್ರ ಖಂಡಿತ ಬೇಡ, ಎಷ್ಟೇ ಒಳ್ಳೆಯ ಕೊಳವಿದ್ದರೂ.

10. ಊರಲ್ಲಿ ಅಕ್ವೇರಿಯಂ ಇಟ್ಟವರಿಗೆ

ಭಾರತದಲ್ಲಿ ಸ್ವಂತ ಕ್ರೇಫಿಶ್ ಜಾತಿ ಇಲ್ಲ. ನಮ್ಮ ಘಟ್ಟದ ಹಳ್ಳಗಳಲ್ಲಿ ಆ ಜಾಗ ತುಂಬಿರುವುದು ಏಡಿಗಳು. ಅವುಗಳಲ್ಲಿ ಹಲವು ಜಾತಿಗಳು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಅವೂ ಕಲ್ಲಿನ ಸಂದಿನಲ್ಲೇ ಬದುಕುತ್ತವೆ, ಅವುಗಳ ತಾಯಿಯೂ ಮರಿಗಳನ್ನು ಹೊಟ್ಟೆಯ ಕೆಳಗೆ ಹೊತ್ತು ತಿರುಗುತ್ತದೆ.

ಅಕ್ವೇರಿಯಂ ಅಂಗಡಿಗಳಲ್ಲಿ ಬಣ್ಣಬಣ್ಣದ ಕ್ರೇಫಿಶ್ ಸಿಗುತ್ತವೆ. ಎಲ್ಲವೂ ಹೊರಗಿನವು. ಮಾರ್ಬಲ್ ಕ್ರೇಫಿಶ್ ಎಂಬ ಒಂದು ಜಾತಿ ಇದೆ. ಅದರಲ್ಲಿ ಎಲ್ಲವೂ ಹೆಣ್ಣು, ಗಂಡಿಲ್ಲದೆ ಮರಿ ಹಾಕುತ್ತವೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಮೊದಲು ಕಂಡ ಈ ಪ್ರಾಣಿ ಈಗ ಮಡಗಾಸ್ಕರಿನ ಗದ್ದೆ, ನದಿಗಳಲ್ಲಿ ತುಂಬಿಹೋಗಿದೆ. ಅಲ್ಲಿನ ಬೆಟ್ಟದ ತೊರೆಗಳಲ್ಲಿ ಅಲ್ಲಿಗೇ ಸೀಮಿತವಾದ ಕ್ರೇಫಿಶ್ ಜಾತಿಗಳಿವೆ. ಒಂದೇ ಒಂದು ಪ್ರಾಣಿಯನ್ನು ನೀರಿಗೆ ಬಿಟ್ಟರೂ ಸಾಕು, ಸಂಸಾರ ಶುರುವಾಗುತ್ತದೆ.

ಹಾಗಾಗಿ ಕೊಳ್ಳುವ ಮೊದಲೇ ಯೋಚಿಸಿ. ಈಗಾಗಲೇ ಸಾಕಿದ್ದರೆ ತೊಟ್ಟಿಗೆ ಭದ್ರವಾದ ಮುಚ್ಚಳ ಹಾಕಿ, ಇವು ಹತ್ತಿ ಹೊರಬರುತ್ತವೆ. ಸಾಕಿ ಬೇಜಾರಾದರೆ ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ. ಕೆರೆಗಾಗಲಿ, ತುಂಗೆ ಕಾವೇರಿಯಂಥ ಹೊಳೆಗಾಗಲಿ, ದೇವಸ್ಥಾನದ ಕಲ್ಯಾಣಿಗಾಗಲಿ ಬಿಡಬೇಡಿ. ತೊಟ್ಟಿಯ ನೀರು ಬದಲಿಸುವಾಗ ಹಳೆಯ ನೀರನ್ನು ಗಿಡದ ಬುಡಕ್ಕೆ, ಒಣ ಮಣ್ಣಿಗೆ ಹಾಕಿ. ತೊಟ್ಟಿಗೆ ಬಳಸಿದ ಬಲೆ, ಬಕೆಟ್ಟನ್ನು ಹೊಳೆಗೆ ಒಯ್ಯಬೇಡಿ. ತೊಳೆದು ಬಿಸಿಲಿಗೆ ಇಡಿ.